ಸಿಹಿ ಮೊಗೆಯ ಊರಿನಲ್ಲಿ ತುತ್ತಿನ ಲೆಕ್ಕ

ಶಿವಮೊಗ್ಗದ ಹೆಸರಿಗೆ ಊರಿನವರು ಎರಡು ಮೂಲ ಹೇಳುತ್ತಾರೆ. ಒಂದು ಶಿವನ ಮುಖ, ಇನ್ನೊಂದು ಸಿಹಿ ಮೊಗೆ. ಎರಡನೆಯದರ ಹಿಂದೆ ಒಂದು ಕಥೆಯಿದೆ. ತುಂಗೆಯ ದಡದಲ್ಲಿ ದೂರ್ವಾಸ ಮುನಿಯ ಆಶ್ರಮವಿತ್ತಂತೆ, ಅಲ್ಲಿ ಒಲೆಯ ಮೇಲಿನ ಮೊಗೆಯಲ್ಲಿ ಗಿಡಮೂಲಿಕೆ ಕುದಿಯುತ್ತಿತ್ತಂತೆ, ದನ ಕಾಯುವವರು ಅದರ ರುಚಿ ನೋಡಿ ಮರುಳಾಗಿ ಊರನ್ನೇ ಸಿಹಿ ಮೊಗೆ ಎಂದು ಕರೆದರಂತೆ. ಭಾಷಾಶಾಸ್ತ್ರ ಇದನ್ನು ಒಪ್ಪುತ್ತದೆಯೋ ಇಲ್ಲವೋ, ಊಟದ ಇತಿಹಾಸ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗಲಾರದು. ಏಕೆಂದರೆ ಭಾಗವತದಲ್ಲಿ ಇದೇ ದೂರ್ವಾಸ ಒಂದು ಉಪವಾಸದ ಮಧ್ಯೆ ಬಂದು ನಿಲ್ಲುತ್ತಾನೆ. ಅಂಬರೀಷ ರಾಜ ಏಕಾದಶಿ ವ್ರತ ಮುಗಿಸಿ ದ್ವಾದಶಿಯ ಪಾರಣೆಗೆ ಕೂರುವ ಹೊತ್ತಿಗೆ ಅತಿಥಿಯಾಗಿ ಬಂದ ಮುನಿ, ಸ್ನಾನಕ್ಕೆಂದು ಹೊಳೆಗೆ ಹೋದವನು ತಿರುಗಿ ಬರುವುದಿಲ್ಲ. ದ್ವಾದಶಿ ಜಾರುತ್ತಿದೆ. ಉಂಡರೆ ಅತಿಥಿಗೆ ಅಪಚಾರ, ಉಣ್ಣದಿದ್ದರೆ ವ್ರತಭಂಗ. ರಾಜ ತಿಳಿದವರನ್ನು ಕೇಳುತ್ತಾನೆ. ನೀರು ಕುಡಿ, ಅದು ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು ಎಂದು ಅವರು ಹೇಳುತ್ತಾರೆ. ಈ ಕಥೆಯಲ್ಲಿ ಹಸಿವಿನ ಮಾತೇ ಇಲ್ಲ. ಯಾವ ಹೊತ್ತಿಗೆ ಉಣ್ಣಬೇಕು, ಯಾರ ಎದುರು, ಯಾರನ್ನು ಕೇಳಿ, ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದೇ ಅಲ್ಲಿನ ಇಕ್ಕಟ್ಟು.

ಮೈಭಾರ ಇಳಿಸಲು ಹೊರಟವರಿಗೆ ಇಂದು ಸಿಗುವ ಉಪದೇಶದಲ್ಲಿ ಈ ಲೆಕ್ಕದ ಮಾತು ಕಡಿಮೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬ ಮಾತು ಹೆಚ್ಚು. ಅತಿಯಾಗಿ ಉಂಡರೆ ಕೆಡುಕು ಎಂಬುದು ಯಾರಿಗೂ ಹೊಸ ವಿಷಯವಲ್ಲ. ಒಪ್ಪತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗಿ ಎಂಬ ಗಾದೆಯನ್ನು ಮಲೆನಾಡಿನ ಮಕ್ಕಳೂ ಬಲ್ಲರು. ಮೂರು ತಿಂಗಳು ತೂಕ ಇಳಿಸುವುದೂ ಹಲವರಿಗೆ ಸಾಧ್ಯವಾಗುತ್ತದೆ. ಇಳಿದದ್ದನ್ನು ಮೂರು ವರ್ಷ ಕಾಪಾಡಿಕೊಳ್ಳುವುದು ಮಾತ್ರ ಕೆಲವರಿಗೇ ಕೈಗೂಡುತ್ತದೆ. ಆ ಮೂರು ವರ್ಷದಲ್ಲಿ ಕೈಕೊಡುವುದು ತಿಳಿವಳಿಕೆ ಅಲ್ಲವಾದರೆ ಮತ್ತೇನು? ಶಿವಮೊಗ್ಗ ಸೀಮೆಯ ಒಂದು ಸಾವಿರ ವರ್ಷದ ಊಟದ ಇತಿಹಾಸ ಇದಕ್ಕೊಂದು ಉತ್ತರ ಕೊಡುತ್ತದೆ ಎಂಬುದು ಈ ಲೇಖನದ ವಾದ. ಮಿತವಾಗಿ ಉಣ್ಣುವುದನ್ನು ಈ ನೆಲ ಒಬ್ಬೊಬ್ಬರ ಮನೋಬಲಕ್ಕೆ ಬಿಟ್ಟುಕೊಟ್ಟಿರಲಿಲ್ಲ. ಅದಕ್ಕೊಂದು ಅಳತೆ, ಒಂದು ಗಡುವು, ಒಬ್ಬ ಸಾಕ್ಷಿ, ತಪ್ಪಿದರೆ ಮರಳಿ ಬರಲು ಒಂದು ದಾರಿ ಎಂದು ನಾಲ್ಕು ಕಂಬ ಹಾಕಿಕೊಟ್ಟಿತ್ತು. ಇಪ್ಪತ್ತನೆಯ ಶತಮಾನದಲ್ಲಿ ತಟ್ಟೆ ಬದಲಾದದ್ದಕ್ಕಿಂತ ಹೆಚ್ಚಾಗಿ ಈ ಕಂಬಗಳು ಸಡಿಲವಾದವು.

ಮೊದಲ ಕಂಬವನ್ನು ನೋಡಲು ಹೊಸನಗರ ತಾಲ್ಲೂಕಿನ ಹುಂಚಕ್ಕೆ ಹೋಗಬೇಕು. ಸಾಂತರ ಅರಸರ ರಾಜಧಾನಿಯಾಗಿದ್ದ ಈ ಊರಲ್ಲಿ 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ ಇದೆ, ಪದ್ಮಾವತಿಯ ಗುಡಿ ಇದೆ, ಇಂದಿಗೂ ನಡೆಯುತ್ತಿರುವ ಜೈನ ಮಠವಿದೆ. ಇಲ್ಲಿ ಬೇರುಬಿಟ್ಟ ದಿಗಂಬರ ಪರಂಪರೆ ಹೊರಗಿನ ತಪಸ್ಸನ್ನು ಆರು ಬಗೆಯಾಗಿ ಎಣಿಸುತ್ತದೆ. ಮೊದಲನೆಯದು ಅನಶನ, ಎಂದರೆ ಊಟ ಬಿಡುವುದು. ಎರಡನೆಯದು ಅವಮೌದರ್ಯ, ಹೊಟ್ಟೆ ತುಂಬುವುದಕ್ಕೆ ಸ್ವಲ್ಪ ಮೊದಲೇ ಕೈ ತೊಳೆಯುವುದು. ಗಮನಿಸಬೇಕಾದದ್ದು ಈ ಎರಡನೆಯದರ ಅಳತೆಯನ್ನು. ಗಂಡಸಿನ ತುಂಬು ಊಟ 32 ತುತ್ತು, ಹೆಂಗಸಿನದು 28 ತುತ್ತು ಎಂದು ಶಾಸ್ತ್ರಕಾರರು ಇಟ್ಟುಕೊಂಡರು. ಅದರಲ್ಲಿ ಒಂದೇ ಒಂದು ತುತ್ತು ಕಡಿಮೆ ಮಾಡಿದರೂ ಅದು ತಪಸ್ಸೇ ಎಂದರು. ಒಂದು ತುತ್ತು ಬಿಟ್ಟವನೂ ಹದಿನಾರು ತುತ್ತು ಬಿಟ್ಟವನೂ ಒಂದೇ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿ ನಿಂತವರು. ಮೂರನೆಯ ತಪಸ್ಸು ವೃತ್ತಿಪರಿಸಂಖ್ಯಾನ, ಇಂಥ ಕಡೆ ಇಂಥ ರೀತಿಯಲ್ಲಿ ಸಿಕ್ಕರೆ ಮಾತ್ರ ಉಣ್ಣುತ್ತೇನೆಂದು ಮೊದಲೇ ಗಡಿ ಹಾಕಿಕೊಳ್ಳುವುದು. ನಾಲ್ಕನೆಯದು ರಸಪರಿತ್ಯಾಗ, ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಹೆಚ್ಚನ್ನೋ ಕೆಲಕಾಲ ಬಿಡುವುದು. ಆರರಲ್ಲಿ ನಾಲ್ಕು ತಪಸ್ಸು ಊಟಕ್ಕೇ ಸೇರಿದವು. ಆಯುರ್ವೇದವೂ ಹೆಚ್ಚುಕಡಿಮೆ ಇದೇ ಜಾಡಿನಲ್ಲಿದೆ. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ಭಾಗ ನೀರಿಗೆ, ಉಳಿದ ಕಾಲು ಗಾಳಿಗೆ ಎಂಬುದು ವಾಗ್ಭಟನ ಹಂಚಿಕೆ. ಅತಿಸ್ಥೂಲರನ್ನೂ ಅತಿಕೃಶರನ್ನೂ ಒಂದೇ ಅಧ್ಯಾಯದಲ್ಲಿ ಚರ್ಚಿಸುವ ಚರಕ, ದಪ್ಪಗಿರುವವರಿಗೆ ಉಪವಾಸವನ್ನಷ್ಟೇ ಹೇಳಿ ಮುಗಿಸುವುದಿಲ್ಲ. ಹೊಟ್ಟೆಗೆ ಭಾರವಾಗಿದ್ದೂ ಮೈ ಬೆಳೆಸದ ಆಹಾರ ಕೊಡಬೇಕು ಎನ್ನುತ್ತಾನೆ. ಹಸಿವನ್ನು ಗೆಲ್ಲು ಎನ್ನುವುದಕ್ಕೂ ಹಸಿವಿಗೆ ಉತ್ತರ ಕೊಡು ಎನ್ನುವುದಕ್ಕೂ ಇರುವ ಅಂತರವನ್ನು ಅವನು ಬಲ್ಲವನಾಗಿದ್ದ.

ಅಳತೆ ಇದ್ದರೆ ಸಾಲದು, ಅಳೆದದ್ದನ್ನು ಯಾರಿಗಾದರೂ ಒಪ್ಪಿಸಬೇಕು. ಜೈನ ಆಚಾರದ ನಿಜವಾದ ಸೂಕ್ಷ್ಮ ಇರುವುದು ಇಲ್ಲಿ. ಹಿಡಿದ ವ್ರತದಲ್ಲಿ ತಪ್ಪಿದ್ದನ್ನು ಗುರುವಿನ ಮುಂದೆ ಹೇಳಿಕೊಳ್ಳುವುದು ಆಲೋಚನೆ, ತಪ್ಪಿನಿಂದ ಹಿಂದಿರುಗುವುದು ಪ್ರತಿಕ್ರಮಣ. ಇದಕ್ಕೆ ಗಡುವುಗಳಿವೆ: ದಿನಕ್ಕೊಮ್ಮೆ, ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ. ಹೀಗೆ ಹೇಳಿಕೊಳ್ಳುವಾಗ ಮನುಷ್ಯ ಹೇಗೆಲ್ಲ ಮೋಸ ಮಾಡುತ್ತಾನೆ ಎಂಬುದಕ್ಕೂ ಶಾಸ್ತ್ರ ಹತ್ತು ದೋಷಗಳ ಪಟ್ಟಿ ಮಾಡಿದೆ. ಗುರುವನ್ನು ಮೊದಲು ಒಲಿಸಿಕೊಂಡು ಆಮೇಲೆ ಹೇಳುವುದು ಒಂದು. ತನ್ನ ಮೈ ದುರ್ಬಲವೆಂದು ಕನಿಕರ ಹುಟ್ಟಿಸಿ ಹೇಳುವುದು ಇನ್ನೊಂದು. ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನು ಮಾತ್ರ ಹೇಳುವುದು, ದೊಡ್ಡದನ್ನು ಹೇಳಿ ಸಣ್ಣದನ್ನು ನುಂಗುವುದು, ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು, ಇಂಥ ತಪ್ಪಿಗೆ ಏನು ಪ್ರಾಯಶ್ಚಿತ್ತ ಎಂದು ಬೇರೆ ಯಾರದೋ ಮಾತು ಎಂಬಂತೆ ಕೇಳುವುದು, ಗದ್ದಲದ ನಡುವೆ ಗುರುವಿಗೆ ಕೇಳಿಸದಂತೆ ಗೊಣಗುವುದು, ಒಬ್ಬರು ಹೇಳಿದ್ದು ಸಾಲದೆಂದು ಹಲವರ ಬಳಿ ಹೋಗುವುದು, ಏನೂ ತಿಳಿಯದವನ ಬಳಿ ಹೇಳಿಕೊಳ್ಳುವುದು, ತನ್ನದೇ ತಪ್ಪು ಮಾಡುತ್ತಿರುವವನ ಬಳಿ ಹೇಳಿಕೊಳ್ಳುವುದು. ತೂಕ ಇಳಿಸುವ ಪ್ರಯತ್ನವನ್ನು ಹತ್ತಿರದಿಂದ ನೋಡಿದ ಯಾರಿಗೂ ಈ ಪಟ್ಟಿಯಲ್ಲಿ ಗುರುತು ಸಿಗದ ಸಾಲಿಲ್ಲ. 1992ರಲ್ಲಿ ಅಮೆರಿಕದ ಸಂಶೋಧಕರು ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರ ಊಟವನ್ನು ಪರೀಕ್ಷಿಸಿದರು. ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಹೇಳುತ್ತಿದ್ದರು, ಮೈ ದಂಡಿಸಿದ್ದನ್ನು ಶೇ 51ರಷ್ಟು ಹೆಚ್ಚು ಹೇಳುತ್ತಿದ್ದರು. ಬೇಕೆಂದೇ ಸುಳ್ಳು ಹೇಳಿದರು ಎಂದಲ್ಲ, ಉಣ್ಣುವವನ ನೆನಪು ಉಣ್ಣುವವನ ಪಕ್ಷವನ್ನೇ ವಹಿಸುತ್ತದೆ. ಹತ್ತು ದೋಷಗಳನ್ನು ಎಣಿಸಿದವರು ಈ ಪಕ್ಷಪಾತವನ್ನು ಮನುಷ್ಯ ಸ್ವಭಾವವೆಂದು ಒಪ್ಪಿಕೊಂಡೇ ವ್ಯವಸ್ಥೆ ಕಟ್ಟಿದ್ದರು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಶಿಕಾರಿಪುರ, ಸೊರಬ, ಹೊಸನಗರದ ಸೀಮೆಗಳಲ್ಲಿ ನಿಂತಿರುವ ನಿಸಿಧಿ ಕಲ್ಲುಗಳು ಊಟ ಬಿಟ್ಟು ಪ್ರಾಣ ಬಿಟ್ಟವರ ನೆನಪು. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಸಂಪುಟಗಳಲ್ಲಿ ಇಂಥವು ಸಾಲುಸಾಲಾಗಿ ಸಿಗುತ್ತವೆ. ಬಂದಳಿಕೆಯ ಶಾಸನದ ಜಕ್ಕಿಯಬ್ಬೆ ಅವರಲ್ಲಿ ಹೆಸರುವಾಸಿ. ರಾಷ್ಟ್ರಕೂಟರ ಕಾಲದಲ್ಲಿ, 10ನೇ ಶತಮಾನದ ಆರಂಭದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡದ ಆಡಳಿತ ವಹಿಸಿಕೊಂಡು ನಡೆಸಿದ ಆಕೆ, ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಹಿಡಿದಳು. ಸಾವಿಗೆ ಸಿದ್ಧವಾಗುವ ವ್ರತವನ್ನೂ ಸೊಂಟದ ಸುತ್ತಳತೆಯ ಚಿಂತೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದೇ? ಇಡಬಾರದು. ಆ ಪರಂಪರೆಯ ಗುರಿ ಕರ್ಮಕ್ಷಯ, ಮೈಕಟ್ಟಲ್ಲ. ಹಾಗೆಂದು ಇಲ್ಲಿ ಕಲಿಯುವುದೇನೂ ಇಲ್ಲ ಎಂದೂ ಅಲ್ಲ. ಅಂಥ ಕೊನೆಯ ವ್ರತವನ್ನು ಕೂಡ ಯಾರೂ ತಮ್ಮಷ್ಟಕ್ಕೆ ಹಿಡಿಯುವಂತಿರಲಿಲ್ಲ. ಗುರುವಿನ ಅನುಮತಿ ಬೇಕಿತ್ತು, ಜೊತೆಗೆ ನಿಲ್ಲುವ ಆಚಾರ್ಯರು ಬೇಕಿತ್ತು, ಮೊದಲು ಅನ್ನ, ಆಮೇಲೆ ಹಾಲಿನಂಥ ಪೇಯ, ಆಮೇಲೆ ಬಿಸಿನೀರು ಎಂದು ಮೆಟ್ಟಿಲು ಮೆಟ್ಟಿಲಾಗಿ ಬಿಡಬೇಕಿತ್ತು. ಊಟ ಬಿಡುವುದನ್ನು ಅತ್ಯಂತ ದೂರ ಒಯ್ದ ಪರಂಪರೆಯೇ ಅದನ್ನು ಒಬ್ಬಂಟಿಯ ಹಟಕ್ಕೆ ಬಿಡಲಿಲ್ಲ ಎಂಬುದಷ್ಟೇ ಇಲ್ಲಿ ತೆಗೆದುಕೊಳ್ಳಬೇಕಾದ ಮಾತು. ಇಂದು ಯಾವ ಸಲಹೆಯೂ ಇಲ್ಲದೆ ವಾರಗಟ್ಟಲೆ ಬರೀ ರಸ ಕುಡಿದು ಇರುವವರಿಗೆ ಇದು ಕೇಳಿಸಬೇಕು.

ಬಸದಿಯಿಂದ ಮನೆಗೆ ಬಂದರೆ ಗುರುವಿನ ಜಾಗದಲ್ಲಿ ಪಂಚಾಂಗ ಕೂರುತ್ತದೆ. ತುಂಗೆ ಭದ್ರೆಯರು ಕೂಡುವ ಕೂಡಲಿಯಲ್ಲಿ ಶಂಕರ ಮಠವೂ ಇದೆ, ಅಕ್ಷೋಭ್ಯತೀರ್ಥರ ಪರಂಪರೆಯ ಮಾಧ್ವ ಮಠವೂ ಇದೆ. ಪಕ್ಷಕ್ಕೊಂದು ಏಕಾದಶಿ ಅಲ್ಲಿನ ಶಿಷ್ಯವರ್ಗದ ಮನೆಗಳಲ್ಲಿ ಒಲೆ ಹೊತ್ತಿಸದ ದಿನ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಇಲ್ಲದ ಶಾಕವ್ರತ, ಎರಡನೆಯದು ಮೊಸರಿಲ್ಲದ ದಧಿವ್ರತ, ಮೂರನೆಯದು ಹಾಲಿಲ್ಲದ ಕ್ಷೀರವ್ರತ, ನಾಲ್ಕನೆಯದು ಬೇಳೆಕಾಳಿಲ್ಲದ ದ್ವಿದಳವ್ರತ. ಒಕ್ಕಲುಮನೆಗಳಲ್ಲಿ ಸೋಮವಾರವೋ ಶನಿವಾರವೋ ಒಪ್ಪತ್ತು, ಶ್ರಾವಣದಲ್ಲಿ ಮಾಂಸ ಮೀನಿಗೆ ಬಿಡುವು. ನಗರದ ಮುಸ್ಲಿಂ ಕೇರಿಗಳಲ್ಲಿ ರಂಜಾನ್ ತಿಂಗಳ ರೋಜಾ, ಚರ್ಚುಗಳಿಗೆ ಹೋಗುವವರಲ್ಲಿ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ. 1965ರಲ್ಲಿ ದೇಶಕ್ಕೆ ಅಕ್ಕಿ ಗೋಧಿಯ ಬರ ಬಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಊಟ ಬಿಡಿ ಎಂದು ಕೇಳಿಕೊಂಡಾಗ ಈ ನೆಲಕ್ಕೆ ಅದು ಪರಿಚಿತ ಭಾಷೆಯಾಗಿಯೇ ಕೇಳಿಸಿರಬೇಕು. ಈ ಎಲ್ಲ ಪದ್ಧತಿಗಳಲ್ಲಿ ಎದ್ದು ಕಾಣುವ ಗುಣ ಒಂದೇ: ಎಲ್ಲವನ್ನೂ ಒಟ್ಟಿಗೆ ಬಿಡಿಸುವುದಿಲ್ಲ, ಯಾವುದನ್ನೂ ಜನ್ಮವಿಡೀ ಬಿಡಿಸುವುದಿಲ್ಲ. ಮೊಸರು ಬಿಟ್ಟ ತಿಂಗಳಲ್ಲಿ ತರಕಾರಿ ಮರಳಿ ಬರುತ್ತದೆ. ಭೂಮಿ ಹುಣ್ಣಿಮೆಗೆ ಬಗೆಬಗೆಯ ಅಡುಗೆ ಮಾಡಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೇ ಉಣಬಡಿಸುವ ಮಲೆನಾಡು, ದೀಪಾವಳಿಗೆ ಹೋಳಿಗೆಯನ್ನೂ ಗೌರಿ ಗಣೇಶನಿಗೆ ಕಡುಬನ್ನೂ ಲೆಕ್ಕದ ಒಳಗೇ ಬರೆದಿಟ್ಟಿತ್ತು. ಹಬ್ಬಕ್ಕೆ ತಾರೀಕು ಇದ್ದದ್ದರಿಂದ ಪ್ರತಿದಿನವೂ ಹಬ್ಬವಾಗುತ್ತಿರಲಿಲ್ಲ.

ಪಾರಣೆಯ ಮಹತ್ವವೂ ಇಲ್ಲೇ ತಿಳಿಯುತ್ತದೆ. ಉಪವಾಸ ಮುರಿಯುವ ಊಟಕ್ಕೂ ಹೊತ್ತು ಗೊತ್ತುಮಾಡಿದ್ದು ಸುಮ್ಮನೆ ಅಲ್ಲ. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರ ಮಾತು, ಕನಸು, ಓದು ಎಲ್ಲ ಊಟದ ಸುತ್ತಲೇ ಸುತ್ತತೊಡಗಿತು. ನಿರ್ಬಂಧ ತೆಗೆದ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಾಗುತ್ತಿರಲಿಲ್ಲ. ದೀರ್ಘ ಅರೆಹೊಟ್ಟೆ ಅತಿಯಾದ ಊಟಕ್ಕೆ ತಾನೇ ದಾರಿ ಮಾಡಿಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ. ಒಂದು ದಿನದ ಏಕಾದಶಿ, ಮರುದಿನ ಬೆಳಿಗ್ಗೆಯ ಪಾರಣೆ ಎಂಬ ಜೋಡಣೆಯಲ್ಲಿ ಬಿಡುವುದಕ್ಕೆ ಎಷ್ಟು ಶಿಸ್ತೋ ಮರಳುವುದಕ್ಕೂ ಅಷ್ಟೇ ಶಿಸ್ತು ಇದೆ. ಇದನ್ನು ಅತಿಯಾಗಿ ಹೊಗಳುವುದೂ ತಪ್ಪು. ಫಲಾಹಾರದ ಹೆಸರಲ್ಲಿ ಅವಲಕ್ಕಿ, ಉಪ್ಪಿಟ್ಟು, ಹಾಲು, ಬಾಳೆಹಣ್ಣುಗಳನ್ನು ಊಟಕ್ಕಿಂತ ಹೆಚ್ಚು ತಿನ್ನುವ ಏಕಾದಶಿಗಳು ಇದ್ದವು, ಇವೆ. ಸಂಜೆಯವರೆಗೆ ಕಟ್ಟುನಿಟ್ಟಾಗಿದ್ದು ರಾತ್ರಿ ಕರಿದ ತಿಂಡಿಗೆ ಮುಗಿಬೀಳುವುದೂ ಎಲ್ಲ ಮತಗಳಲ್ಲಿ ಉಂಟು. ಆದರೆ ಈ ಮೋಸ ನಗೆಗೆ ಗುರಿಯಾಗುತ್ತಿತ್ತು ಎಂಬುದನ್ನು ಮರೆಯಬಾರದು. ನಗಬೇಕಾದರೆ ನಿಯಮವೇನೆಂದು ನಾಲ್ಕು ಜನಕ್ಕೆ ಗೊತ್ತಿರಬೇಕು. ಇಂದು ಒಬ್ಬೊಬ್ಬರ ಪಥ್ಯ ಒಬ್ಬೊಬ್ಬರದು. ನಿಯಮವನ್ನು ಮಾಡಿದವನೂ ಮುರಿದವನೂ ಮನ್ನಿಸಿದವನೂ ಒಬ್ಬನೇ ಆದಾಗ ನಗುವವರು ಯಾರು?

ಇನ್ನೂ ಬಲವಾದ ಆಕ್ಷೇಪ ಇದು: ಹಿಂದಿನವರು ತೆಳ್ಳಗಿದ್ದದ್ದು ವ್ರತದಿಂದಲ್ಲ, ಬಡತನದಿಂದ, ದುಡಿಮೆಯಿಂದ. ಈ ಮಾತಿನಲ್ಲಿ ತಿರುಳಿದೆ. 1876–78ರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಬಯಲುಸೀಮೆಯಷ್ಟು ಮಲೆನಾಡು ಬೇಯದಿದ್ದರೂ, ಹಸಿವು ವ್ರತವಾಗಿರದೆ ವಿಧಿಯಾಗಿದ್ದ ಕಾಲ ಅದು. ಈ ಆಕ್ಷೇಪವನ್ನು ತೂಗಿ ನೋಡಲು ಭದ್ರಾವತಿಗಿಂತ ತಕ್ಕ ಊರಿಲ್ಲ. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು, ಸರ್ ಎಂ. ವಿಶ್ವೇಶ್ವರಯ್ಯ ಅದರ ಅಧ್ಯಕ್ಷರಾಗಿ ನಿಂತು ನಡೆಸಿದರು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕುಲುಮೆ ರಾತ್ರಿಯೆಂದು ಆರುವುದಿಲ್ಲ, ಆದ್ದರಿಂದ ಪಾಳಿಯ ದುಡಿಮೆ. ಪಂಚಾಂಗದ ಹೊತ್ತಿನ ಜಾಗಕ್ಕೆ ಕಾರ್ಖಾನೆಯ ಗಂಟೆ ಬಂತು. ರಾತ್ರಿ ಪಾಳಿಯವನಿಗೆ ಮಧ್ಯರಾತ್ರಿಯೇ ಊಟದ ಹೊತ್ತು. 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನ್ ಇರಬೇಕೆಂಬ ನಿಯಮಕ್ಕೆ 1948ರ ಕಾರ್ಖಾನೆ ಕಾಯ್ದೆ ದಾರಿ ಮಾಡಿತು. ಆ ದುಡಿಮೆಗೆ ತುಂಬು ತಟ್ಟೆಯೇ ನ್ಯಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ಹೇಳಿದ ಲೆಕ್ಕದಂತೆ 60 ಕಿಲೋ ತೂಕದ ಗಂಡಸು ಕೂತು ಕೆಲಸ ಮಾಡಿದರೆ ದಿನಕ್ಕೆ 2,320 ಕಿಲೋಕ್ಯಾಲರಿ ಸಾಕು, ಕಷ್ಟದ ಮೈದುಡಿಮೆಗೆ 3,490 ಬೇಕು. ನಡುವಿನ ಅಂತರ 1,170. ಹತ್ತಿರ ಹತ್ತಿರ ಅರ್ಧ ದಿನದ ಊಟ! ಕುಲುಮೆಯ ಮುಂದೆ ನಿಂತವನ ತಟ್ಟೆಯನ್ನು ಅಂಗಡಿಯ ಗಲ್ಲಾದಲ್ಲಿ, ಕಚೇರಿಯ ಕುರ್ಚಿಯಲ್ಲಿ ಕೂತ ಮುಂದಿನ ತಲೆಮಾರು ಹಾಗೆಯೇ ಉಂಡರೆ ಏನಾಗುತ್ತದೆಂದು ಹೇಳಲು ಜ್ಯೋತಿಷ್ಯ ಬೇಡ. ಕಾಗದದ ಕಾರ್ಖಾನೆ ನಿಂತಿತು, ಕಬ್ಬಿಣದ ಕಾರ್ಖಾನೆ ಸೊರಗಿತು, ಅನ್ನದ ರಾಶಿಯ ಅಳತೆ ಮಾತ್ರ ಕೈಯ ನೆನಪಿನಲ್ಲಿ ಉಳಿಯಿತು.

ಆದ್ದರಿಂದ ಆಕ್ಷೇಪವನ್ನು ಒಪ್ಪಿಯೇ ಮುಂದುವರಿಯಬೇಕು. ಹಳೆಯ ಕಾಲದ ಮೈಕಟ್ಟಿಗೆ ಕಾರಣ ದುಡಿಮೆ ಮತ್ತು ಕೊರತೆ. ವ್ರತಗಳು ಹೊಟ್ಟೆ ಕರಗಿಸಲು ಹುಟ್ಟಿದವಲ್ಲ. ಆದರೆ ಇದರಿಂದ ವಾದ ಬೀಳುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ದುಡಿಮೆಯೇ ಲೆಕ್ಕ ನೋಡಿಕೊಳ್ಳುತ್ತಿದ್ದಾಗ ತುತ್ತು ಎಣಿಸುವ ಪದ್ಧತಿ ಬಸದಿಯಲ್ಲಿ, ಮಠದಲ್ಲಿ, ಮಡಿಯ ಮನೆಯಲ್ಲಿ ಇದ್ದರೆ ಸಾಕಿತ್ತು. ದುಡಿಮೆ ಮೈಬಿಟ್ಟು ಯಂತ್ರಕ್ಕೆ ಹೋದ ಮೇಲೆ ಆ ಪದ್ಧತಿಯ ಅಗತ್ಯ ಎಲ್ಲರ ಮನೆಗೂ ಬಂತು. ಆದರೆ ಅಷ್ಟರಲ್ಲಿ ಪದ್ಧತಿಯೇ ಹೊರಟುಹೋಗಿತ್ತು. ಭದ್ರಾವತಿಯ ಕುಲುಮೆಗೆ ಅದಿರು, ಇದ್ದಿಲು, ಸುಣ್ಣಕಲ್ಲು ತೂಗದೆ ಹೋಗುತ್ತಿರಲಿಲ್ಲ. ಯಾವುದು ಹೆಚ್ಚಾದರೂ ಕಬ್ಬಿಣ ಕೆಡುತ್ತದೆ. ಅದೇ ಊರಿನ ಮನೆಗಳಲ್ಲಿ ಅನ್ನ ತೂಗಿ ಬಡಿಸುವುದು ಜಿಪುಣತನ. ಕಬ್ಬಿಣಕ್ಕೆ ಕೊಟ್ಟ ಮರ್ಯಾದೆಯನ್ನು ಮೈಗೆ ಕೊಡಲಿಲ್ಲ ಎಂದು ದೂರುವುದು ಸುಲಭ, ಕಾರಣ ಹುಡುಕುವುದು ಕಷ್ಟ.

ಕಾರಣ ಸಿಗುವುದು ಪಂಕ್ತಿಯಲ್ಲಿ. ಮಲೆನಾಡಿನ ಆತಿಥ್ಯದಲ್ಲಿ ಉಪಚಾರ ಎಂದರೆ ಒತ್ತಾಯ. ಸಾಕು ಎಂಬ ಮಾತನ್ನು ಮೊದಲ ಸಲ ಕೇಳಿಸಿಕೊಳ್ಳದಿರುವುದು ಬಡಿಸುವವರ ಸಭ್ಯತೆ, ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ತುಪ್ಪ ಇಳಿಸುವುದು ಪ್ರೀತಿ. ಪಂಥ ಕಟ್ಟಿ ಹೋಳಿಗೆ ತಿಂದವರ ಹೆಸರು ಊರಲ್ಲಿ ಉಳಿಯುತ್ತದೆ, ಎರಡಕ್ಕೇ ಎದ್ದವರ ಹೆಸರು ಉಳಿಯುವುದಿಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಎಲ್ಲರ ಎಲೆ ಕಾಣುತ್ತದೆ, ಸಾಕ್ಷಿಗಳಿಗೇನೂ ಕೊರತೆಯಿಲ್ಲ. ಆದರೆ ಅಲ್ಲಿನ ಸಾಕ್ಷಿಗಳು ಮೆಚ್ಚುವುದು ಹೆಚ್ಚು ಉಂಡವನನ್ನು. ಸಾಕ್ಷಿ ಇದ್ದರೆ ಸಾಲದು, ಸಾಕ್ಷಿ ಯಾವುದಕ್ಕೆ ತಲೆದೂಗುತ್ತಾನೆ ಎಂಬುದು ಮುಖ್ಯ ಎಂದು ಇದರಿಂದ ತಿಳಿಯುತ್ತದೆ. ಇದೇ ಜಿಲ್ಲೆ ಬೇರೆ ಮಾದರಿಗಳನ್ನೂ ಕೊಟ್ಟಿದೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ಅದು ದೀನರಿಗೆ, ಕುರುಡರಿಗೆ, ಕುಂಟರಿಗೆ ದಿನವೂ ಅನ್ನವಿಕ್ಕುವ ತಾಣವೆಂದೂ ರೋಗಿಗಳಿಗೆ ಮದ್ದು ಕೊಡುವ ತಾಣವೆಂದೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಉಣಿಸುವುದೂ ವಾಸಿಮಾಡುವುದೂ ಅಲ್ಲಿ ಬೇರೆ ಇಲಾಖೆಗಳಾಗಿರಲಿಲ್ಲ. ಅಲ್ಲಮನ ಬಳ್ಳಿಗಾವೆ, ಅಕ್ಕನ ಉಡುತಡಿ ಇರುವ ಈ ಸೀಮೆಯ ಶರಣ ಪರಂಪರೆಯಲ್ಲಿ ಊಟ ಪ್ರಸಾದವಾಯಿತು. ಪ್ರಸಾದವನ್ನು ಚೆಲ್ಲುವಂತಿಲ್ಲ, ಆದ್ದರಿಂದ ಮುಗಿಸಲಾಗುವಷ್ಟನ್ನೇ ನೀಡಿಸಿಕೊಳ್ಳಬೇಕು. ತುತ್ತಿಗೆ ಮುಂಚೆ ಇಷ್ಟಲಿಂಗಕ್ಕೆ ಅರ್ಪಿಸುವ ಒಂದು ಕ್ಷಣದ ತಡೆಯೂ ಇದೆ. ನಮ್ಮ ಕಾಲಕ್ಕೆ ಹತ್ತಿರವಾಗಿ, ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯ ಮದುವೆಯ ಆಡಂಬರವನ್ನೇ ಕಡಿದು ಹಾಕಿತು. 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿಯಲ್ಲೇ ಆಯಿತು. ಔತಣದ ಗಾತ್ರದಿಂದ ಮನೆತನದ ಗಾತ್ರ ಅಳೆಯಬೇಡಿ ಎಂಬುದನ್ನು ಬಾಯಿಮಾತಲ್ಲಿ ಹೇಳದೆ ಮಾಡಿ ತೋರಿಸಿದ್ದು ಅದರ ಹೆಚ್ಚುಗಾರಿಕೆ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರವಾದದ್ದು. ಇನ್ನೊಬ್ಬರ ತುತ್ತು ಎಣಿಸುವ ಈ ಸಮಾಜವೇ ವಿಧವೆಯರಿಗೆ ಒಪ್ಪತ್ತಿನ ಊಟ ವಿಧಿಸಿತು, ಮನೆಯ ಹೆಂಗಸರನ್ನು ಕೊನೆಯ ಪಂಕ್ತಿಯಲ್ಲಿ ಉಳಿದದ್ದರ ಮುಂದೆ ಕೂರಿಸಿತು, ದಪ್ಪಗಿರುವ ಹುಡುಗಿಗೆ ಅಡ್ಡಹೆಸರಿಟ್ಟಿತು. ಅಂಥ ಕಣ್ಣುಗಳನ್ನು ಮತ್ತೆ ಕರೆಯಬೇಕೇ? ಬೇಡವೇ ಬೇಡ. ಲೆಕ್ಕ ಒಪ್ಪಿಸುವುದಕ್ಕೂ ಲೆಕ್ಕ ಕೇಳಿಸಿಕೊಳ್ಳುವುದಕ್ಕೂ ಭೂಮಿ ಆಕಾಶದ ಅಂತರ. ವಿಧವೆಯ ಒಪ್ಪತ್ತು ಹೊರಗಿನಿಂದ ಹೇರಿದ ಶಿಕ್ಷೆ. ಅದಕ್ಕೆ ಕೊನೆಯ ದಿನವಿರಲಿಲ್ಲ, ಪಾರಣೆಯಿರಲಿಲ್ಲ, ಬೇಡವೆನ್ನುವ ಹಕ್ಕಿರಲಿಲ್ಲ. ಅವಮೌದರ್ಯ ತಾನೇ ಆರಿಸಿಕೊಂಡದ್ದು, ಶಕ್ತಿಗೆ ತಕ್ಕಷ್ಟು ಹಿಡಿದದ್ದು, ಬಲ್ಲ ಒಬ್ಬರ ಮುಂದೆ ಮಾತ್ರ ಬಿಚ್ಚಿಟ್ಟದ್ದು. ಮೊದಲನೆಯದನ್ನು ಎಸೆಯುವ ಭರದಲ್ಲಿ ಎರಡನೆಯದನ್ನೂ ಎಸೆದರೆ ಕಳೆದುಕೊಳ್ಳುವವರು ನಾವೇ. ಪಶ್ಚಿಮದ ನಗರಗಳು ಈ ಎರಡನೆಯದನ್ನು ತಮ್ಮ ದಾರಿಯಲ್ಲಿ ಹೊಸದಾಗಿ ಕಂಡುಕೊಂಡವು. 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಓವರ್‌ಈಟರ್ಸ್ ಅನಾನಿಮಸ್, 1963ರಲ್ಲಿ ನ್ಯೂಯಾರ್ಕಿನ ಗೃಹಿಣಿ ಜೀನ್ ನೈಡೆಚ್ ಕಟ್ಟಿದ ವೇಟ್ ವಾಚರ್ಸ್, ಎರಡರ ತಿರುಳೂ ಗಡುವಿಗೆ ಸರಿಯಾಗಿ ಒಂದೆಡೆ ಸೇರಿ ನಿಜ ಹೇಳುವುದು. 2008ರಲ್ಲಿ ಸುಮಾರು 1,700 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ, ತಿಂದದ್ದನ್ನು ದಿನವೂ ಬರೆದಿಟ್ಟವರು ಬರೆಯದವರಿಗಿಂತ ಸುಮಾರು ಇಮ್ಮಡಿ ತೂಕ ಇಳಿಸಿದ್ದು ಕಂಡುಬಂತು. ಇಳಿಸಿದ ತೂಕವನ್ನು ಉಳಿಸಿಕೊಂಡವರ ಪಟ್ಟಿಯನ್ನು 1994ರಿಂದ ಇಟ್ಟುಕೊಂಡು ಬಂದಿರುವ ಅಲ್ಲಿನ ಸಂಶೋಧಕರಿಗೂ ಅವರಲ್ಲಿ ಹೆಚ್ಚಿನವರಿಗೆ ಕ್ರಮವಾಗಿ ತಕ್ಕಡಿ ಹತ್ತುವ ರೂಢಿಯಿರುವುದು ಕಂಡಿತು. ಹುಂಚದ ಪರಂಪರೆ ತುತ್ತಿನಲ್ಲಿ ಎಣಿಸಿದ್ದನ್ನು ಅವರು ಪುಸ್ತಕದಲ್ಲಿ ಬರೆದರು.

ಶಿವಮೊಗ್ಗಕ್ಕೆ ಇದು ದೂರದ ಸುದ್ದಿಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ಹೆಂಗಸರು, ಗಂಡಸರು ಇಬ್ಬರಲ್ಲೂ ಸುಮಾರು ಶೇ 22–23ರಷ್ಟಿದ್ದ ಅತಿತೂಕದವರ ಪಾಲು 2019–21ರ ಹೊತ್ತಿಗೆ ಶೇ 30 ದಾಟಿತು. ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳನ್ನು ತಡೆಯುವ ಕೇಂದ್ರ ಸರ್ಕಾರದ ಕಾರ್ಯಕ್ರಮ 2008ರಲ್ಲಿ ಪ್ರಯೋಗವಾಗಿ ಶುರುವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಶಿವಮೊಗ್ಗ ಜಿಲ್ಲೆ. ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ ಬರೆದುಕೊಂಡು ಇಂತಿಷ್ಟು ದಿನಕ್ಕೆ ಮತ್ತೆ ಬನ್ನಿ ಎನ್ನುವ ಆಸ್ಪತ್ರೆಯ ಚೀಟಿಯಲ್ಲಿ ಅಳತೆ ಇದೆ, ಗಡುವು ಇದೆ, ಬಲ್ಲ ಸಾಕ್ಷಿಯೂ ಇದ್ದಾರೆ. ಅತಿಯಾಗಿ ತಿನ್ನುವುದು ಕೆಲವರಲ್ಲಿ ಚಟವಾಗಿರದೆ ಮನಸ್ಸಿನ ಕಾಯಿಲೆಯೇ ಆಗಿರುತ್ತದೆ, ಅವರಿಗೆ ಬೇಕಾದದ್ದು ವೈದ್ಯರು, ವ್ರತವಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಕೇಳದೆ ಉಪವಾಸ ಹಿಡಿದರೆ ಅಪಾಯ. ಇದನ್ನೆಲ್ಲ ಹೇಳುವ ಬಲ್ಲವರು ಇಂದು ಬಸದಿಯಲ್ಲೇ ಇರಬೇಕೆಂದಿಲ್ಲ. ಕೊರತೆ ಇರುವುದು ನಾಲ್ಕನೆಯ ಕಂಬದಲ್ಲಿ, ಎಂದರೆ ತಪ್ಪಿದವನು ಮರಳಿ ಬರುವ ದಾರಿಯಲ್ಲಿ. ದೀಪಾವಳಿಯಲ್ಲಿ ಎರಡು ಕಿಲೋ ಏರಿಸಿಕೊಂಡವನು ಮುಂದಿನ ತಪಾಸಣೆಗೆ ಹೋಗುವುದೇ ಇಲ್ಲ, ಬೈಗುಳದ ಭಯಕ್ಕೆ. ಹೋಗದಿದ್ದರೆ ಲೆಕ್ಕದ ಪುಸ್ತಕವೇ ಮುಚ್ಚಿತು. ಪ್ರತಿಕ್ರಮಣಕ್ಕೆ ಗಡುವುಗಳನ್ನು ಮೊದಲೇ ಇಟ್ಟವರು ತಪ್ಪು ಆಗಿಯೇ ಆಗುತ್ತದೆ ಎಂದು ಗೊತ್ತಿದ್ದೇ ಇಟ್ಟಿದ್ದರು.

ಅಂಬರೀಷನ ಕಥೆಯ ಉಳಿದರ್ಧ ಇರುವುದು ಇಲ್ಲೇ. ಹೊಳೆಯಿಂದ ಬಂದ ದೂರ್ವಾಸನಿಗೆ ರಾಜ ನೀರು ಕುಡಿದದ್ದು ತಿಳಿಯುತ್ತದೆ. ಸಿಟ್ಟಿನಿಂದ ಅವನು ಕೃತ್ಯೆ ಎಂಬ ಮಾರಿಯನ್ನು ಸೃಷ್ಟಿಸಿ ಬಿಡುತ್ತಾನೆ. ಆಗ ವಿಷ್ಣುವಿನ ಚಕ್ರ ಆ ಕೃತ್ಯೆಯನ್ನು ಸುಟ್ಟು ಮುನಿಯ ಬೆನ್ನು ಹತ್ತುತ್ತದೆ. ಮೂರು ಲೋಕ ಸುತ್ತಿ ಎಲ್ಲೂ ಆಸರೆ ಸಿಗದೆ ಅವನು ಕೊನೆಗೆ ಬಂದು ನಿಲ್ಲುವುದು ಅಂಬರೀಷನ ಮುಂದೆ. ವರ್ಷವೊಂದು ಕಳೆದಿರುತ್ತದೆ. ಅಷ್ಟೂ ದಿನ ಅತಿಥಿಗಾಗಿ ಊಟ ಬಿಟ್ಟು ಕಾದಿದ್ದ ರಾಜ ಮುನಿಯನ್ನು ಉಳಿಸಿ, ಮೊದಲು ಅವನಿಗೆ ಬಡಿಸಿ, ಆಮೇಲೆ ತಾನು ಉಣ್ಣುತ್ತಾನೆ. ಆ ಒಂದು ಬೊಗಸೆ ನೀರಿಗೆ ಇಬ್ಬರು ಸಾಕ್ಷಿಗಳಿದ್ದರು. ಕುಡಿಯುವ ಮುಂಚೆ ಕೇಳಿದಾಗ ಉಪಾಯ ಹೇಳಿದವರು ಒಬ್ಬರು, ಕುಡಿದ ಮೇಲೆ ಬಂದು ಗದರಿದವನು ಇನ್ನೊಬ್ಬ. ಚಕ್ರ ಯಾರ ಬೆನ್ನು ಹತ್ತಿತು ಎಂಬುದರಲ್ಲಿ ಪುರಾಣ ತನ್ನ ತೀರ್ಪು ಹೇಳಿದೆ. ದೂರ್ವಾಸನ ಹೆಸರಿನೊಂದಿಗೆ ತನ್ನ ಹುಟ್ಟನ್ನು ಕಟ್ಟಿಕೊಂಡ ಊರು ಈ ತೀರ್ಪನ್ನು ಮರೆಯಬಾರದು. ಮೊಗೆ ಸಿಹಿಯಾಗಿಯೇ ಇರುತ್ತದೆ, ರುಚಿ ನೋಡುವ ಕೈಯೂ ಇರುತ್ತದೆ. ರುಚಿ ನೋಡಿದವನು ಮರುದಿನ ಅಳುಕದೆ ಬಂದು ಎಷ್ಟು ತುತ್ತಾಯಿತೆಂದು ಹೇಳಬಹುದಾದ ಒಂದು ಮನೆ ಊರಲ್ಲಿರಬೇಕು.